ತಡ ಆಗಿದ್ದು ಯಾರಿಂದ? ಕಾಗದದ ಪಟ್ಟಿಯಿಂದ ಆಕ್ಸೆಸ್ ಪರದೆವರೆಗೆ

ಶಿವಮೊಗ್ಗದ ಗೋಪಾಳದಲ್ಲಿರೋ ನಮ್ಮ ಮನೆಯ ಮಹಡಿ ಕೋಣೆಯಿಂದ ಮಾತಾಡ್ತಿದ್ದೀನಿ. ಹೊರಗೆ ಮಳೆ ಹಿಡಿದಿದೆ, ನಡುವೆ ಶೀಟಿನ ಮೇಲೆ ನೀರು ಬೀಳೋ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ.

ಇವತ್ತಿನ ಕಥೆ ಶುರುವಾಗೋದು ಒಂದು ಕಪ್ಪು ಹಲಗೆಯಿಂದ. ಬಿ.ಕಾಂ. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಶಿವಮೊಗ್ಗ–ಭದ್ರಾವತಿ ರಸ್ತೆಯ ಒಂದು ಸಣ್ಣ ಮಷೀನ್ ಶಾಪ್‌ಗೆ. ಹೆಸರು ಬೇಡ. ಫೌಂಡ್ರಿಗಳಿಂದ ಎರಕದ ಭಾಗಗಳು ಬರ್ತಿದ್ವು, ನಮ್ಮಲ್ಲಿ ಅವನ್ನ ಲೇಥ್‌ಗೆ ಹಾಕಿ ತಿರುವಿ, ಗ್ರೈಂಡಿಂಗ್ ಮಾಡಿ, ಅಳತೆ ನೋಡಿ ಕಳಿಸ್ತಿದ್ವಿ. ನನ್ನ ಕೆಲಸ ಲೆಕ್ಕ ಬರೆಯೋದು. ಶಾಪ್ ಒಳಗೆ ಗೋಡೆ ಮೇಲೆ ಒಂದು ಹಲಗೆ. ಎಡಗಡೆ ಯಂತ್ರದ ಹೆಸರು, ಮಧ್ಯದಲ್ಲಿ ಜಾಬ್ ನಂಬರ್, ಬಲಗಡೆ ಮುಗಿಯೋ ತಾರೀಖು. ಅದನ್ನ ಬರೆಯೋದು ನಮ್ಮ ಸೂಪರ್‌ವೈಸರ್. ಐವತ್ತು ದಾಟಿದವರು, ನಾವೆಲ್ಲ ಅವರನ್ನ ಅಣ್ಣ ಅಂತಿದ್ವಿ.

ಒಂದು ತಿಂಗಳು ಸಂಬಳದ ಪಟ್ಟಿ ಮಾಡುವಾಗ ಅಣ್ಣನ ಇನ್ಸೆಂಟಿವ್ ಕಾಲಂನಲ್ಲಿ ಸೊನ್ನೆ ಹಾಕೋಕೆ ನನಗೆ ಹೇಳಿದ್ರು. ಕಾರಣ, ಮೂರು ಡಿಸ್ಪ್ಯಾಚ್ ತಡ ಆಗಿದೆ. ನಾನು ಹಾಕಿದೆ. ಸಂಜೆ ಅಣ್ಣ ಆಫೀಸ್ ಬಾಗಿಲಲ್ಲಿ ನಿಂತು ಕೇಳಿದ್ರು: "ಏನಮ್ಮಾ, ಆ ಮೂರರಲ್ಲಿ ಎರಡನ್ನ ಹಿಂದಕ್ಕೆ ಹಾಕಿ ಅಂತ ಆಫೀಸಿಂದಲೇ ಫೋನ್ ಮಾಡಿ ಹೇಳಿದ್ರಲ್ಲ? ಹಲಗೆ ಒರೆಸಿ ಬರೆದೋನು ನಾನು, ಅಷ್ಟೇ."

ಹಲಗೆ ಮೇಲೆ ಹಳೇ ತಾರೀಖು ಇರಲಿಲ್ಲ. ಒರೆಸಿ ಆಗಿತ್ತು. ಅವರು ಹೇಳಿದ್ದು ನಿಜ ಅಂತ ತೋರಿಸೋಕೆ ಅವರ ಹತ್ರ ಏನೂ ಇರಲಿಲ್ಲ. ಸುಳ್ಳು ಅಂತ ಹೇಳೋಕೆ ಆಫೀಸಿನವರ ಹತ್ರನೂ ಏನೂ ಇರಲಿಲ್ಲ. ಆದ್ರೆ ದುಡ್ಡು ಹೋಗಿದ್ದು ಮಾತ್ರ ಅಣ್ಣಂದು.

ಈ ಹಲಗೆ ಬದಲು ಕಂಪ್ಯೂಟರ್‌ನಲ್ಲಿ ಒಂದು ಪರದೆ ಮಾಡೋಣ ಅಂತ ನಾನು ಹೊರಟಿದ್ದು ಆಗ. ಮಾಡಿದೆ ಕೂಡ. ಮೊದಲನೇ ಸಲ ಮಾಡಿದ್ದು ಹಲಗೆಗಿಂತ ಕೆಟ್ಟದಾಗಿತ್ತು. ಯಾಕೆ ಕೆಟ್ಟದಾಯ್ತು ಅಂತ ಅರ್ಥ ಆಗೋಕೆ ನಾನು ನೂರು ವರ್ಷ ಹಿಂದಕ್ಕೆ ಹೋಗಬೇಕಾಯ್ತು. ಬನ್ನಿ, ನೀವೂ ಬನ್ನಿ.

ನಿನ್ನೆಯ ಲೆಕ್ಕ, ನಾಳೆಯ ಲೆಕ್ಕ

ಕಾಮರ್ಸ್ ಓದಿದವರಿಗೆ ಮೊದಲು ಹೇಳಿಕೊಡೋ ಹೆಸರುಗಳಲ್ಲಿ ಲೂಕಾ ಪಾಚೋಲಿ ಒಂದು. ಇಟಲಿಯ ಸನ್ಯಾಸಿ, ಗಣಿತದವನು. ವೆನಿಸ್‌ನ ವ್ಯಾಪಾರಿಗಳು ಆಗಲೇ ಬಳಸ್ತಿದ್ದ ಜೋಡಿ ನಮೂದು ಪದ್ಧತಿಯನ್ನ 1494ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದವನು. ಅಲ್ಲಿಂದ ನಮ್ಮ ಕಾಲೇಜಿನವರೆಗೆ ಬಂದಿರೋ ಒಂದು ಶಿಸ್ತು ಏನಂದ್ರೆ, ಲೆಕ್ಕದ ಪುಸ್ತಕದಲ್ಲಿ ತಪ್ಪಾದ್ರೆ ಅಳಿಸಬಾರದು. ತಪ್ಪು ಹಾಗೇ ಇರಬೇಕು. ಕೆಳಗೆ ಇನ್ನೊಂದು ನಮೂದು ಮಾಡಿ ಅದನ್ನ ಸರಿಪಡಿಸಬೇಕು. ಯಾಕಂದ್ರೆ ಅಳಿಸಿದ ಪುಸ್ತಕವನ್ನ ಯಾರೂ ನಂಬಲ್ಲ.

ಆ ಶಿಸ್ತು ಇವತ್ತು ನಮ್ಮ ಅಂಗಡಿ ಕಂಪ್ಯೂಟರ್‌ಗಳಲ್ಲೂ ಇದೆ. ಬೆಂಗಳೂರಿನಿಂದ ಬೆಳೆದ ಟ್ಯಾಲಿ ಶುರುವಾಗಿದ್ದು 1986ರಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಸರಿಯಾದ ಲೆಕ್ಕದ ಸಾಫ್ಟ್‌ವೇರ್ ಸಿಗಲಿಲ್ಲ ಅಂತ ಮಗ ಭರತ್ ಕೈಲಿ ಬರೆಸಿದ್ದು. ಇವತ್ತು ಗಾಂಧಿ ಬಜಾರಿನ ಬಟ್ಟೆ ಅಂಗಡಿಯಿಂದ ಹಿಡಿದು ಫೌಂಡ್ರಿವರೆಗೆ ಅದು ಗೊತ್ತಿಲ್ಲದವರು ಕಡಿಮೆ.

ಆದ್ರೆ ಇದೆಲ್ಲ ನಿನ್ನೆಯ ಲೆಕ್ಕ. ಸರಕು ಹೋಯ್ತು, ಹಣ ಬಂತು, ಬರೆದೆ. ಕಾರ್ಖಾನೆಗೆ ಇನ್ನೊಂದು ಲೆಕ್ಕ ಬೇಕು. ಸೋಮವಾರ ಬೆಳಿಗ್ಗೆ ಲೇಥ್ ಮೇಲೆ ಯಾವ ಕೆಲಸ ಹತ್ತಬೇಕು? ಅದು ಇಳಿದ ಮೇಲೆ ಯಾವುದು? ಗ್ರೈಂಡಿಂಗ್ ಯಾವಾಗ ಖಾಲಿ ಆಗುತ್ತೆ? ಇದು ನಾಳೆಯ ಲೆಕ್ಕ. ಇದಕ್ಕೇ ಪ್ರೊಡಕ್ಷನ್ ಶೆಡ್ಯೂಲಿಂಗ್ ಅಂತ ಹೆಸರು. ನಿನ್ನೆಯ ಲೆಕ್ಕಕ್ಕೆ 500 ವರ್ಷದ ಶಿಸ್ತು ಇದೆ. ನಾಳೆಯ ಲೆಕ್ಕವನ್ನ ನಾವಿನ್ನೂ ಸೀಮೆಸುಣ್ಣದಲ್ಲಿ ಬರೆದು ಅಂಗೈಲಿ ಒರೆಸ್ತಿದ್ವಿ.

ಭದ್ರಾವತಿಯ ಕುಲುಮೆ

ನಾಳೆಯ ಲೆಕ್ಕ ತಪ್ಪಿದ್ರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಭದ್ರಾವತಿ ಹತ್ರಾನೇ ಇದೆ.

ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಭದ್ರಾವತಿಯಲ್ಲಿ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅದರ ಹಿಂದಿನ ಹಠ ಸರ್ ಎಂ. ವಿಶ್ವೇಶ್ವರಯ್ಯನವರದ್ದು. 1912ರಿಂದ 1918ರವರೆಗೆ ದಿವಾನರಾಗಿದ್ದವರು, ಮತ್ತೆ 1923ರಿಂದ 1929ರವರೆಗೆ ಈ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಕೂತ್ರು.

ಈ ಕಾರ್ಖಾನೆಯಲ್ಲಿ ಒಂದು ವಿಶೇಷ ಇತ್ತು. ನಮ್ಮಲ್ಲಿ ಒಳ್ಳೇ ಕಲ್ಲಿದ್ದಲು ಇಲ್ಲ, ಕಾಡು ಇತ್ತು. ಹಾಗಾಗಿ ಕುಲುಮೆ ಉರಿದಿದ್ದು ಮರದ ಇದ್ದಿಲಿನಿಂದ. ಮರ ಸುಡುವಾಗ ಬರೋ ಹೊಗೆಯನ್ನೂ ಬಿಡಲಿಲ್ಲ, ಅದರಿಂದ ರಾಸಾಯನಿಕ ತೆಗೆಯೋ ಘಟಕ ಇತ್ತು. ಅದಿರು ಬರ್ತಿದ್ದಿದ್ದು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ, ರೋಪ್‌ವೇ ಇಳಿದು.

ಈಗ ಯೋಚನೆ ಮಾಡಿ. ಬೆಟ್ಟದ ಮೇಲಿಂದ ಅದಿರು, ಕಾಡಿನಿಂದ ಕಟ್ಟಿಗೆ, ಇನ್ನೊಂದು ಕಡೆಯಿಂದ ಸುಣ್ಣದ ಕಲ್ಲು. ಮೂರೂ ಸೇರಿ ಒಂದೇ ಕುಲುಮೆಗೆ ಹೋಗಬೇಕು, ಲೆಕ್ಕದ ಪ್ರಮಾಣದಲ್ಲಿ. ಕುಲುಮೆ ಅಂದ್ರೆ ಮನೆ ಗ್ಯಾಸ್ ಸ್ಟೌವ್ ಅಲ್ಲ, ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸೋಕೆ ಆಗಲ್ಲ. ಹಗಲು ರಾತ್ರಿ ಉರೀಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದ್ರೆ, ಗಾಡಿ ದಾರಿ ಕೆಸರಾದ್ರೆ, ತೊಂದರೆ ಕಾಡಿನಲ್ಲೇ ನಿಲ್ಲಲ್ಲ, ಕುಲುಮೆವರೆಗೂ ಬರುತ್ತೆ. ಅಂಥಾ ಕಡೆ ತಡ ಅನ್ನೋದು ಕುಲುಮೆ ಮುಂದೆ ನಿಂತವನ ಕೈಲಿ ಕಾಣಿಸುತ್ತೆ. ಹುಟ್ಟಿರೋದು ಮಾತ್ರ ನಲವತ್ತು ಮೈಲಿ ದೂರದಲ್ಲಿ ಇರಬಹುದು.

ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಒಂದು ಪುಸ್ತಕ ಬರೆದ್ರು. ದೇಶದಲ್ಲಿ ಪಂಚವಾರ್ಷಿಕ ಯೋಜನೆ ಬಂದಿದ್ದು 1951ರಲ್ಲಿ, ಅಂದ್ರೆ ಅವರು ಬರೆದ 17 ವರ್ಷ ಆದ್ಮೇಲೆ. ಅಷ್ಟು ಮೊದಲೇ ಅದನ್ನ ಬರೆದವರ ಹಿಂದೆ ಇಂಥಾ ಒಂದು ಕಾರ್ಖಾನೆ ನಡೆಸಿದ ಆರು ವರ್ಷದ ಅನುಭವ ಇತ್ತು ಅನ್ನೋದನ್ನ ನಾವು ಮರೀಬಾರದು.

ಸರಿಯೋ ಕಾಗದ, ಕೆಂಪು ಗೆರೆ

ನಾಳೆಯ ಲೆಕ್ಕವನ್ನ ಕಣ್ಣಿಗೆ ಕಾಣೋ ಹಾಗೆ ಬರೆದವರಲ್ಲಿ ಮೊದಲಿಗರು ಯಾರು? ಅದೂ ಉಕ್ಕಿನ ಕಾರ್ಖಾನೆಯವರೇ.

ಪೋಲೆಂಡಿನ ಇಂಜಿನಿಯರ್ ಕಾರೊಲ್ ಅದಾಮಿಯೆಟ್ಸ್ಕಿ. ಕಬ್ಬಿಣದ ರೋಲಿಂಗ್ ಮಿಲ್‌ಗಳಲ್ಲಿ ಕೆಲಸ ಮಾಡ್ತಿದ್ದವರು. 1896ರ ಹೊತ್ತಿಗೆ ಅವರು ಒಂದು ಸಾಧನ ಮಾಡ್ಕೊಂಡಿದ್ರು. ಒಂದೊಂದು ಕೆಲಸಕ್ಕೆ ಒಂದೊಂದು ಕಾಗದದ ಪಟ್ಟಿ. ಪಟ್ಟಿ ಮೇಲೆ, ಈ ಕೆಲಸಕ್ಕಿಂತ ಮೊದಲು ಯಾವುದು ಮುಗೀಬೇಕು, ಆಮೇಲೆ ಯಾವುದು ಬರಬೇಕು ಅಂತ ಬರೆದಿರುತ್ತೆ. ಎಷ್ಟು ಹೊತ್ತು ಹಿಡಿಯುತ್ತೋ ಅಷ್ಟು ಉದ್ದದ ಒಂದು ತುಂಡನ್ನ ಆ ಪಟ್ಟಿ ಮೇಲೆ ಸರಿಸಬಹುದು. ಮೊದಲಿನ ಕೆಲಸ ತಡ ಆಯ್ತಾ? ತುಂಡನ್ನ ಕೆಳಗೆ ಸರಿಸಿ, ಅದರ ಹಿಂದಿರೋದನ್ನೂ ಸರಿಸಿ. ಇದಕ್ಕೆ ಹಾರ್ಮೊನೋಗ್ರಾಂ ಅಂತ ಹೆಸರಿಟ್ರು. ಸ್ವರಗಳು ಹೊಂದೋ ಹಾಗೆ ಕೆಲಸಗಳು ಹೊಂದಬೇಕು ಅನ್ನೋ ಅರ್ಥ.

ನಿಮ್ಮ ಫೋನ್ ಕ್ಯಾಲೆಂಡರ್‌ನಲ್ಲಿ ಬೆರಳಿಟ್ಟು ಒಂದು ಮೀಟಿಂಗನ್ನ ನಾಳೆಗೆ ಎಳೀತೀರಲ್ಲ, ಅದೇ ಕೆಲಸ, ಕಾಗದದಲ್ಲಿ. ಇಂಟರಾಕ್ಟಿವ್ ಅಂತ ಇವತ್ತು ನಾವು ದೊಡ್ಡದಾಗಿ ಹೇಳೋದು ಕಂಪ್ಯೂಟರ್‌ಗಿಂತ ಹಳೇದು. ಅವರ ಬರಹ ಇಂಗ್ಲಿಷ್ ಲೋಕಕ್ಕೆ ಬೇಗ ತಲುಪಲಿಲ್ಲ. ಹೆಸರು ಬಂದಿದ್ದು ಇನ್ನೊಬ್ಬರಿಗೆ.

ಅವರೇ ಅಮೆರಿಕದ ಹೆನ್ರಿ ಗ್ಯಾಂಟ್. ಗ್ಯಾಂಟ್ ಚಾರ್ಟ್ ಅಂತ ಎಂ.ಬಿ.ಎ. ಮಾಡಿದ ನಿಮ್ಮ ಫ್ರೆಂಡ್ಸ್ ಬಾಯಲ್ಲಿ ಕೇಳಿರ್ತೀರಿ. ಇವರೂ ಉಕ್ಕಿನವರೇ, ಮಿಡ್‌ವೇಲ್, ಬೆತ್ಲೆಹೆಮ್ ಕಾರ್ಖಾನೆಗಳಲ್ಲಿ ಫ್ರೆಡ್ರಿಕ್ ಟೇಲರ್ ಜೊತೆ ಕೆಲಸ ಮಾಡಿದವರು. ಟೇಲರ್ ಅಂದ್ರೆ ಕೆಲಸಗಾರನ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತ ಮನುಷ್ಯ.

ಗ್ಯಾಂಟ್ 1901ರಲ್ಲಿ ಒಂದು ಕೂಲಿ ಪದ್ಧತಿ ತಂದ್ರು. ದಿನದ ಕೆಲಸ ಮುಗಿಸಿದ್ರೆ ದಿನಗೂಲಿ ಮೇಲೆ ಬೋನಸ್, ಮುಗಿಸದಿದ್ರೆ ಬರೀ ದಿನಗೂಲಿ. ಇದನ್ನ ತೋರಿಸೋಕೆ ಒಂದು ಚಾರ್ಟ್. ಪ್ರತಿ ಕೆಲಸಗಾರನ ಹೆಸರಿನ ಮುಂದೆ ಪ್ರತಿ ದಿನಕ್ಕೆ ಒಂದು ಗೆರೆ. ಬೋನಸ್ ಗಳಿಸಿದ್ರೆ ಕಪ್ಪು, ಗಳಿಸದಿದ್ರೆ ಕೆಂಪು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಕೆಂಪು ಗೆರೆ ಬಿದ್ದಿರೋದು ಒಬ್ಬ ಮನುಷ್ಯನ ಹೆಸರಿನ ಮುಂದೆ. ಅವನ ಯಂತ್ರ ಕೆಟ್ಟಿತ್ತಾ, ಸಾಮಾನು ಬಂದಿತ್ತಾ ಅನ್ನೋದು ಬಣ್ಣದಲ್ಲಿ ಕಾಣಲ್ಲ. ನೋಡಿದ ತಕ್ಷಣ ಗೊತ್ತಾಗೋದು ಒಂದೇ: ಇವನು ಮಾಡಲಿಲ್ಲ.

ಆದ್ರೆ ಗ್ಯಾಂಟ್ ಅಲ್ಲೇ ನಿಲ್ಲಲಿಲ್ಲ. ಅವರನ್ನ ನಾನು ಇಷ್ಟಪಡೋದು ಇದಕ್ಕೇ. ಮೊದಲ ಮಹಾಯುದ್ಧದ ಹೊತ್ತಿಗೆ ಅವರ ಗಮನ ಮನುಷ್ಯನಿಂದ ಯಂತ್ರದ ಕಡೆಗೆ ಹೋಗಿತ್ತು. ಯಂತ್ರ ಯಾಕೆ ಸುಮ್ಮನೆ ನಿಂತಿದೆ? ಆರ್ಡರ್ ಇಲ್ವಾ, ಆಳು ಇಲ್ವಾ, ಸಾಮಾನು ಇಲ್ವಾ, ರಿಪೇರಿನಾ? ಆಗಿನ ಚಾರ್ಟ್‌ಗಳಲ್ಲಿ ನಿಂತ ಹೊತ್ತಿನ ಜೊತೆ ಕಾರಣವೂ ಬಂತು. 1919ರಲ್ಲಿ, ಅವರು ತೀರಿಕೊಂಡ ವರ್ಷವೇ ಬಂದ ಕೊನೇ ಪುಸ್ತಕದಲ್ಲಿ ಅವರ ವಾದ ಹೀಗಿತ್ತು: ಯಂತ್ರ ಸುಮ್ಮನೆ ನಿಲ್ಲೋದಕ್ಕೆ ಬಹುಪಾಲು ಹೊಣೆ ನಡೆಸೋರದ್ದು. ಆ ನಷ್ಟವನ್ನ ಮಾಡಿದ ಸಾಮಾನಿನ ವೆಚ್ಚದೊಳಗೆ ಬಚ್ಚಿಡಬಾರದು, ಬೇರೆಯಾಗಿ ತೋರಿಸಬೇಕು.

ಕಾಸ್ಟ್ ಅಕೌಂಟಿಂಗ್ ಓದಿದವರು ಇದನ್ನ ಗುರುತು ಹಿಡೀತೀರಿ. ಐಡಲ್ ಟೈಮ್ ಅಂತ ಎರಡು ಮಾರ್ಕಿಗೆ ಬರೆದಿದ್ವಲ್ಲ, ಅದರ ಹಿಂದೆ ಇಷ್ಟು ದೊಡ್ಡ ಜಗಳ ಇದೆ. ಅದೇ ಮನುಷ್ಯ, ಅದೇ ಥರದ ಚಾರ್ಟ್. ಮೊದಲು ಕೆಂಪು ಬಿದ್ದಿದ್ದು ಕೆಲಸಗಾರನ ಮೇಲೆ, ಹದಿನೈದು ಇಪ್ಪತ್ತು ವರ್ಷದಲ್ಲಿ ಅದು ಕಾರಣದ ಮೇಲೆ ಬಿತ್ತು. ಗ್ಯಾಂಟ್ ಜೊತೆ ಕೆಲಸ ಮಾಡಿದ ವಾಲೇಸ್ ಕ್ಲಾರ್ಕ್ 1922ರಲ್ಲಿ ಈ ಚಾರ್ಟ್‌ಗಳ ಬಗ್ಗೆಯೇ ಪುಸ್ತಕ ಬರೆದ್ರು, ಅದು ಹಲವು ಭಾಷೆಗಳಿಗೆ ಹೋಯ್ತು. ಅದರ ಮರುವರ್ಷವೇ ಭದ್ರಾವತಿಯ ಕುಲುಮೆ ಹತ್ತಿತ್ತು.

17 ಗಂಟೆ, 13 ಗಂಟೆ

ಗೆರೆ ಎಳೆದು ತೋರಿಸೋದು ಒಂದು. ಯಾವ ಕೆಲಸ ಮೊದಲು ಅಂತ ಲೆಕ್ಕ ಹಾಕೋದು ಇನ್ನೊಂದು. ಇದಕ್ಕೆ 1954ರಲ್ಲಿ ಎಸ್. ಎಂ. ಜಾನ್ಸನ್ ಅನ್ನೋ ಅಮೆರಿಕದ ಗಣಿತಜ್ಞ ಒಂದು ಚಂದದ ನಿಯಮ ಕೊಟ್ರು. ಪೆನ್ನು ಪೇಪರ್ ಇದ್ರೆ ತಗೊಳ್ಳಿ, ಬಸ್ಸಿನಲ್ಲಿದ್ರೆ ಮನಸ್ಸಲ್ಲೇ ಮಾಡಿ.

ಎರಡು ಯಂತ್ರ: ಮೊದಲು ಲೇಥ್, ಆಮೇಲೆ ಗ್ರೈಂಡಿಂಗ್. ಮೂರು ಜಾಬ್. ಒಂದನೇದಕ್ಕೆ ಲೇಥ್‌ನಲ್ಲಿ 5 ಗಂಟೆ, ಗ್ರೈಂಡಿಂಗ್ 2. ಎರಡನೇದಕ್ಕೆ ಲೇಥ್ 1, ಗ್ರೈಂಡಿಂಗ್ 6. ಮೂರನೇದಕ್ಕೆ ಎರಡರಲ್ಲೂ 4.

ಬಂದ ಸಾಲಿನಲ್ಲೇ ಒಂದು, ಎರಡು, ಮೂರು ಅಂತ ಹತ್ತಿಸಿದ್ರೆ ಮೊದಲ 5 ಗಂಟೆ ಗ್ರೈಂಡಿಂಗ್ ಆಪರೇಟರ್ ಕೈ ಕಟ್ಟಿ ಕೂತಿರ್ತಾನೆ. ಎಲ್ಲ ಮುಗಿಯೋದು 17ನೇ ಗಂಟೆಗೆ.

ಜಾನ್ಸನ್ ನಿಯಮ ಹೀಗಿದೆ: ಎಲ್ಲ ಅಂಕಿಗಳಲ್ಲಿ ಅತಿ ಚಿಕ್ಕದು ಹುಡುಕಿ. ಅದು ಮೊದಲ ಯಂತ್ರದ್ದಾದ್ರೆ ಆ ಜಾಬ್ ಸಾಲಿನ ಮುಂದಕ್ಕೆ, ಎರಡನೇ ಯಂತ್ರದ್ದಾದ್ರೆ ಸಾಲಿನ ಹಿಂದಕ್ಕೆ. ಉಳಿದವಕ್ಕೂ ಹೀಗೇ. ಇಲ್ಲಿ ಅತಿ ಚಿಕ್ಕದು 1, ಎರಡನೇ ಜಾಬಿನ ಲೇಥ್ ಸಮಯ, ಅದು ಮುಂದಕ್ಕೆ. ಆಮೇಲೆ 2, ಒಂದನೇ ಜಾಬಿನ ಗ್ರೈಂಡಿಂಗ್, ಅದು ಕೊನೆಗೆ. ಮೂರನೇದು ನಡುವೆ. ಎರಡು, ಮೂರು, ಒಂದು. ಈಗ ಎಲ್ಲ ಮುಗಿಯೋದು 13ನೇ ಗಂಟೆಗೆ.

ಹೊಸ ಯಂತ್ರ ಇಲ್ಲ, ಓವರ್‌ಟೈಮ್ ಇಲ್ಲ, ಯಾರಿಗೂ ಬೈಯಲಿಲ್ಲ. ಸಾಲು ಬದಲಿಸಿದ್ದಕ್ಕೆ 4 ಗಂಟೆ ಉಳೀತು. ಅಂದ್ರೆ 17 ಗಂಟೆ ಹಿಡಿದಿದ್ದಕ್ಕೆ ಗ್ರೈಂಡಿಂಗ್ ಹುಡುಗ ನಿಧಾನ ಅಂತ ಬೈಯೋದ್ರಲ್ಲಿ ಅರ್ಥ ಇಲ್ಲ. ಅವನು ಒಂದು ನಿಮಿಷನೂ ತಪ್ಪು ಮಾಡಿಲ್ಲ. ತಪ್ಪು ಸಾಲಿನದ್ದು.

ಇದು ಎರಡು ಯಂತ್ರಕ್ಕೆ. ಯಂತ್ರ ಮೂರು ನಾಲ್ಕಾದ್ರೆ, ಜಾಬ್ ಹತ್ತಿಪ್ಪತ್ತಾದ್ರೆ ಇಷ್ಟು ಸಲೀಸಾದ ನಿಯಮ ಇಲ್ಲ. ಆಗ ಮನುಷ್ಯ ನೋಡಿ, ಎಳೆದು, ಮತ್ತೆ ನೋಡೋ ಪರದೆ ಬೇಕಾಗುತ್ತೆ.

ಸಣ್ಣ ಕಾರ್ಖಾನೆಗೆ ಬಂದ ಡೇಟಾಬೇಸ್

ದೊಡ್ಡ ಕಂಪನಿಗಳು 1960ರ ದಶಕದಿಂದಲೇ ಇದಕ್ಕೆ ಕೋಣೆಯಷ್ಟು ದೊಡ್ಡ ಕಂಪ್ಯೂಟರ್ ಇಟ್ಕೊಂಡ್ವು. ಹತ್ತು ಜನ ಕೆಲಸ ಮಾಡೋ ಶಾಪ್‌ಗೆ ಅದು ಎಲ್ಲಿಂದ ಬರಬೇಕು?

ದಾರಿ ತೆಗೆದಿದ್ದು ಮೇಜಿನ ಮೇಲಿನ ಕಂಪ್ಯೂಟರ್. ಅಮೆರಿಕದ ಬಾಹ್ಯಾಕಾಶ ಪ್ರಯೋಗಾಲಯ ಜೆ.ಪಿ.ಎಲ್.ನಲ್ಲಿ ಕೆಲಸ ಮಾಡ್ತಿದ್ದ ವೇಯ್ನ್ ರಾಟ್ಲಿಫ್ ಆಫೀಸಿನ ಫುಟ್ಬಾಲ್ ಪಂದ್ಯದ ಪಂತ ಗೆಲ್ಲೋಕೆ ಅಂತ ಮನೇಲಿ ಒಂದು ಡೇಟಾಬೇಸ್ ಬರೀತಾ ಕೂತ್ರು. ಅದೇ 1980ರ ದಶಕದ ಶುರುವಿಗೆ ಡಿಬೇಸ್ ಆಗಿ ಮಾರಾಟಕ್ಕೆ ಬಂತು. ಅದರ ಹಾದಿಯಲ್ಲೇ ಫಾಕ್ಸ್‌ಪ್ರೊ ಬಂತು. ನಿಮ್ಮ ಅಕ್ಕ, ಮಾವ, ಯಾರಾದ್ರೂ ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ರೆ ಕೇಳಿ ನೋಡಿ, ಡಾಸ್, ವರ್ಡ್‌ಸ್ಟಾರ್, ಲೋಟಸ್, ಫಾಕ್ಸ್‌ಪ್ರೊ ಅಂತ ಒಂದೇ ಉಸಿರಿಗೆ ಹೇಳ್ತಾರೆ.

1992ರಲ್ಲಿ ಎರಡು ಸಂಗತಿ ನಡೀತು. ಮೈಕ್ರೋಸಾಫ್ಟ್ ಫಾಕ್ಸ್ ಕಂಪನಿಯನ್ನ ಕೊಂಡುಕೊಳ್ತು, ಅದೇ ವರ್ಷ ನವೆಂಬರ್‌ನಲ್ಲಿ ತನ್ನದೇ ಆಕ್ಸೆಸ್ ಬಿಡುಗಡೆ ಮಾಡ್ತು. ಆಕ್ಸೆಸ್‌ನಲ್ಲಿ ಮಾಹಿತಿ ಇಡೋ ಟೇಬಲ್, ಪ್ರಶ್ನೆ ಕೇಳೋ ಕ್ವೆರಿ, ನೋಡಿ ತುಂಬೋ ಫಾರ್ಮ್, ಹಿಂದೆ ಒಂದಿಷ್ಟು ಕೋಡ್, ಎಲ್ಲ ಒಂದೇ ಫೈಲಿನಲ್ಲಿ. ಪೆನ್‌ಡ್ರೈವ್‌ನಲ್ಲಿ ಹಾಕ್ಕೊಂಡು ಮನೆಗೆ ತಗೊಂಡು ಹೋಗಬಹುದು. ಇಂಜಿನಿಯರ್ ಅಲ್ಲದವರೂ ರಾತ್ರಿ ಕೂತು ಕಲೀಬಹುದು. ನಾನು ಕಲ್ತಿದ್ದೂ ಹಾಗೇ, ಊಟ ಆದ್ಮೇಲೆ, ಇದೇ ಮಹಡಿ ಕೋಣೇಲಿ.

ಒಂದು ಇಂಚಿಗೆ ಒಂದು ಶಿಫ್ಟ್

ಪರದೆ ಹೀಗಿತ್ತು. ಎಡಕ್ಕೆ ಯಂತ್ರಗಳು, ಮೇಲೆ ದಿನಗಳು, ನಡುವೆ ಪ್ರತಿ ಜಾಬಿಗೆ ಒಂದು ಬಣ್ಣದ ಪಟ್ಟಿ. ಮೌಸ್‌ನಲ್ಲಿ ಹಿಡಿದು ಎಳೆದ್ರೆ ಸರೀಬೇಕು.

ಆಕ್ಸೆಸ್ ಪರದೆ ಮೇಲಿನ ಜಾಗವನ್ನ ಟ್ವಿಪ್ ಅನ್ನೋ ಅಳತೆಯಲ್ಲಿ ಅಳೆಯುತ್ತೆ. ಒಂದು ಇಂಚಿಗೆ 1440 ಟ್ವಿಪ್. ನಾನು 8 ಗಂಟೆಯ ಒಂದು ಶಿಫ್ಟಿಗೆ ಒಂದು ಇಂಚು ಕೊಟ್ಟೆ. ಆಗ ಒಂದು ಗಂಟೆಗೆ 180 ಟ್ವಿಪ್, ಒಂದು ನಿಮಿಷಕ್ಕೆ ಸರಿಯಾಗಿ 3. ಶಿಫ್ಟ್ ಶುರುವಾಗಿ ಎರಡೂವರೆ ಗಂಟೆಗೆ ಹತ್ತೋ ಜಾಬಿನ ಪಟ್ಟಿ ಎಡ ಅಂಚಿನಿಂದ 450 ಟ್ವಿಪ್ ದೂರದಲ್ಲಿ ಕೂರುತ್ತೆ. 4 ಗಂಟೆ ಕೆಲಸ ಇದ್ರೆ ಅದರ ಅಗಲ 720. ಸಮಯ ಜಾಗ ಆಗೋದು, ಜಾಗ ಮತ್ತೆ ಸಮಯ ಆಗೋದು, ಅಷ್ಟೇ ಗುಟ್ಟು.

ಫಾರ್ಮ್ ಬಳಕೆಯಲ್ಲಿರುವಾಗ ಆಕ್ಸೆಸ್ ಹೊಸ ಪಟ್ಟಿ ಹುಟ್ಟಿಸೋಕೆ ಬಿಡಲ್ಲ. ಅದಕ್ಕೆ ಮೊದಲೇ ಒಂದಿಷ್ಟು ಖಾಲಿ ಲೇಬಲ್‌ಗಳನ್ನ ಮರೆಮಾಡಿ ಇಟ್ಟಿದ್ದೆ. ಜಾಬ್ ಬಂದ ಹಾಗೆ ಒಂದೊಂದನ್ನ ಕಾಣಿಸೋದು. ಮೌಸ್ ಒತ್ತಿದಾಗ ಪಟ್ಟಿ ಹಿಡಿಯೋದು, ಸರಿಸಿದಾಗ ಜೊತೆಗೆ ಓಡೋದು, ಬಿಟ್ಟಾಗ ಮಾತ್ರ ಟೇಬಲ್‌ಗೆ ಬರೆಯೋದು. ಬಿಟ್ಟ ಜಾಗ ಹತ್ತಿರದ ಅರ್ಧ ಗಂಟೆಗೆ, ಅಂದ್ರೆ 90 ಟ್ವಿಪ್ ಲೆಕ್ಕಕ್ಕೆ ತಾನಾಗೇ ಕೂರಬೇಕು.

ಒಂದೇ ಲೇಥ್ ಮೇಲೆ ಎರಡು ಜಾಬ್ ಡಿಕ್ಕಿ ಹೊಡೆಯುತ್ತಾ ಅಂತ ನೋಡೋದು ಹೇಗೆ? ಮೊದಲನೇದು ಎರಡನೇದರ ಮುಕ್ತಾಯಕ್ಕಿಂತ ಮುಂಚೆ ಶುರುವಾಗುತ್ತಾ? ಎರಡನೇದು ಮೊದಲನೇದರ ಮುಕ್ತಾಯಕ್ಕಿಂತ ಮುಂಚೆ ಶುರುವಾಗುತ್ತಾ? ಎರಡಕ್ಕೂ ಹೌದು ಅಂತ ಬಂದ್ರೆ ಡಿಕ್ಕಿ. ಈ ಎರಡು ಸಾಲಿನ ಪರೀಕ್ಷೆ ಕೆಲಸ ಮಾಡಿದ ರಾತ್ರಿ ನಾನು ಕೋಣೇಲಿ ಒಬ್ಬಳೇ ಚಪ್ಪಾಳೆ ತಟ್ಟಿದ್ದೆ.

ಕೊನೆಗೆ ಒಂದು ಅಲಂಕಾರ. ಕೊಟ್ಟ ತಾರೀಖು ದಾಟಿದ ಪಟ್ಟಿ ಕೆಂಪಾಗಬೇಕು. ಪಟ್ಟಿ ಮೇಲೆ ಆಪರೇಟರ್ ಹೆಸರು.

ಗೊತ್ತಾಯ್ತಲ್ಲ ನಾನು ಏನು ಮಾಡಿದ್ದೆ ಅಂತ? ಗ್ಯಾಂಟ್ 1901ರ ಹೊತ್ತಿನಲ್ಲಿ ಎಲ್ಲಿದ್ರೋ ಅಲ್ಲಿಗೇ ಹೋಗಿ ನಿಂತಿದ್ದೆ. ಕೆಂಪು ಬಣ್ಣ, ಒಬ್ಬನ ಹೆಸರು.

ಜೊತೆಗೆ ಹಲಗೆಯ ತಪ್ಪೂ ಹಾಗೇ ಉಳಿದಿತ್ತು. ಆಫೀಸಿನಲ್ಲಿ ಯಾರೋ ಪಟ್ಟಿ ಎಳೆದು ಬಿಟ್ರೆ ಹಳೇ ತಾರೀಖು ಹೋಯ್ತು. ಹಲಗೆ ಒರೆಸಿದ್ರೆ ಸುಣ್ಣದ ಗುರುತಾದ್ರೂ ಉಳಿಯುತ್ತೆ, ಪರದೆ ಮೇಲೆ ಅದೂ ಇಲ್ಲ. ಅಂದವಾದ ಪರದೆ ಆಗಿದ್ರಿಂದ ಎಲ್ಲರೂ ಅದನ್ನ ನಂಬಿಬಿಡ್ತಾರೆ. ಕಂಪ್ಯೂಟರೇ ಹೇಳ್ತಿದೆಯಲ್ಲ!

ಅಣ್ಣ ಬಂದು ಪರದೆ ನೋಡಿದ್ರು. ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಚೆನ್ನಾಗಿದೆ ಕಣಮ್ಮಾ. ಆದ್ರೆ ನಿನ್ನೆ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಈ ಹುಡುಗನ ಹೆಸರು ಯಾಕೆ ಕೆಂಪಾಗಿದೆ?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ.

ಇನ್ನೊಂದು ಟೇಬಲ್

ಸರಿ ಮಾಡೋಕೆ ನನಗೆ ಬೇಕಾಗಿದ್ದು ಹೊಸ ಕೋಡ್ ಅಲ್ಲ, ಕಾಲೇಜಿನಲ್ಲಿ ಓದಿದ್ದೇ. ಅಳಿಸಬಾರದು, ಹೊಸ ನಮೂದು ಮಾಡಬೇಕು.

ಇನ್ನೊಂದು ಟೇಬಲ್ ಮಾಡಿದೆ, ಹೆಸರು "ಬದಲಾವಣೆ". ಪಟ್ಟಿ ಎಳೆದು ಬಿಟ್ಟ ಪ್ರತಿ ಸಲ ಅದರಲ್ಲಿ ಒಂದು ಸಾಲು. ಜಾಬ್ ನಂಬರ್, ಹಳೇ ತಾರೀಖು, ಹೊಸ ತಾರೀಖು, ಯಾವ ಕಂಪ್ಯೂಟರಿನಿಂದ, ಯಾಕೆ. ಯಾಕೆ ಅನ್ನೋದನ್ನ ಆರಿಸದೆ ಪಟ್ಟಿ ಕೂರಲ್ಲ, ಹಳೇ ಜಾಗಕ್ಕೆ ವಾಪಸ್ ಹೋಗುತ್ತೆ. ಕಾರಣಗಳು: ಎರಕ ಬಂದಿಲ್ಲ, ಕರೆಂಟ್ ಇಲ್ಲ, ಯಂತ್ರ ರಿಪೇರಿ, ಟೂಲ್ ಇಲ್ಲ, ಆಳು ರಜೆ, ಬೇರೆ ಆರ್ಡರ್ ಮುಂದಕ್ಕೆ ಹಾಕಿದ್ದು. ಈ ಕೊನೇದನ್ನ ಅಣ್ಣನೇ ಸೇರಿಸೋಕೆ ಹೇಳಿದ್ದು. ಗಿರಾಕಿಗೆ ಮೊದಲ ಸಲ ಕೊಟ್ಟ ತಾರೀಖನ್ನ ಬೇರೆ ಕಾಲಂನಲ್ಲಿಟ್ಟು ಬೀಗ ಹಾಕಿದೆ, ಅದನ್ನ ಫಾರ್ಮ್‌ನಿಂದ ಯಾರೂ ಮುಟ್ಟೋ ಹಾಗಿಲ್ಲ.

ಆಪರೇಟರ್ ಹೆಸರು ತೆಗೆದೆ. ಇದೂ ಅಣ್ಣನ ಮಾತೇ. ಮೊದಲು ನಾನು ಒಪ್ಪಲಿಲ್ಲ. ಪಾರದರ್ಶಕತೆ ಅಂದ್ರೆ ಎಲ್ಲರ ಹೆಸರೂ ಇರಬೇಕಲ್ವಾ ಅಂದೆ. ಅದಕ್ಕವರು, "ತಾರೀಖು ಬದಲಿಸೋ ಅಧಿಕಾರ ಯಾರಿಗಿದ್ಯೋ ಅವರದ್ದು ಬರೀಲಿ. ಯಂತ್ರದ ಮುಂದೆ ನಿಂತೋನಿಗೆ ಆ ಅಧಿಕಾರ ಎಲ್ಲಿದೆ? ಅಧಿಕಾರ ಇಲ್ದೋನ ಹೆಸರು ಬರೆದ್ರೆ ಅದು ದೂರು ಆಗುತ್ತೆ, ಲೆಕ್ಕ ಆಗಲ್ಲ" ಅಂದ್ರು. ಗ್ಯಾಂಟ್ ಹೆಸರನ್ನೇ ಅವರು ಕೇಳಿರಲಿಲ್ಲ. ನಾನು ಓದಿದ್ದೂ ಇದಾದ ಮೇಲೇನೇ.

ಮುಂದಿನ ತಿಂಗಳು ಸಂಬಳದ ಪಟ್ಟಿ ಜೊತೆ ನಾನು ಆ ಟೇಬಲ್ಲಿನ ಒಂದು ಪ್ರಿಂಟ್ ಇಟ್ಟೆ, ಕಾರಣವಾರು ವಿಂಗಡಿಸಿ. ಅರ್ಧಕ್ಕಿಂತ ಹೆಚ್ಚು ಬದಲಾವಣೆ ಆಫೀಸ್ ಕಂಪ್ಯೂಟರಿನಿಂದಲೇ ಆಗಿತ್ತು, ಬೇರೆ ಆರ್ಡರ್ ಮುಂದಕ್ಕೆ ಹಾಕಿದ್ದು ಅನ್ನೋ ಕಾರಣಕ್ಕೆ. ಮಾಲೀಕರು ಆ ಹಾಳೆಯನ್ನ ಎರಡು ಸಲ ಓದಿದ್ರು. ಏನೂ ಅನ್ನಲಿಲ್ಲ. ಆ ತಿಂಗಳು ಅಣ್ಣನ ಕಾಲಂನಲ್ಲಿ ಸೊನ್ನೆ ಬರಲಿಲ್ಲ.

ಸಿನಿಮಾ ಥರ ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಹಿಂದಿನ ತಿಂಗಳು ಹಿಡಿದ ದುಡ್ಡು ವಾಪಸ್ ಬರಲಿಲ್ಲ, ಅದಕ್ಕೆ ದಾಖಲೆ ಇರಲಿಲ್ಲವಲ್ಲ. ಕೆಲವರು ಅವಸರಕ್ಕೆ ಎಲ್ಲದಕ್ಕೂ "ಕರೆಂಟ್ ಇಲ್ಲ" ಅಂತಲೇ ಒತ್ತೋಕೆ ಶುರು ಮಾಡಿದ್ರು. ನಾನು ಆ ಕೆಲಸ ಬಿಟ್ಟ ಮೇಲೆ ಫೈಲ್ ನೋಡ್ಕೊಳ್ಳೋರು ಯಾರೂ ಇರಲಿಲ್ಲ. ಒಬ್ಬರೇ ಕೂತು ಮಾಡಿದ ಆಕ್ಸೆಸ್ ಫೈಲ್‌ಗಳ ದೊಡ್ಡ ಕಷ್ಟ ಅದು. ಮಾಡಿದವರು ಹೋದ್ರೆ ಅದರ ಬೀಗದ ಕೈ ಅವರ ತಲೇಲೇ ಹೋಗುತ್ತೆ. ಈಗ ಅಲ್ಲಿ ಮತ್ತೆ ಹಲಗೆ ಬಂದಿದೆಯಂತೆ. ಆದ್ರೆ ಹಲಗೇಲಿ ಈಗ ಒಂದು ಕಾಲಂ ಜಾಸ್ತಿ ಇದೆ ಅಂತ ಅಣ್ಣ ಫೋನಿನಲ್ಲಿ ಹೇಳಿದ್ರು. "ಕಾರಣ" ಅಂತ.

ನೂರನೇ ವರ್ಷ

ಮುಗಿಸೋ ಮುಂಚೆ ಮತ್ತೆ ಭದ್ರಾವತಿಗೆ. 1989ರಲ್ಲಿ ಆ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರ್ತು, 1998ರಲ್ಲಿ ಅದರೊಳಗೇ ವಿಲೀನ ಆಯ್ತು. 2023ಕ್ಕೆ ಸರಿಯಾಗಿ ನೂರು ವರ್ಷ. ಅದೇ ವರ್ಷದ ಜನವರಿಯಲ್ಲಿ ಬಂದಿದ್ದು ಮುಚ್ಚುವ ತೀರ್ಮಾನದ ಸುದ್ದಿ. ಗುತ್ತಿಗೆ ಕಾರ್ಮಿಕರು ಬೀದಿಗೆ ಬಂದ್ರು, ಧರಣಿ ಕೂತ್ರು.

ಈ ನೂರು ವರ್ಷದಲ್ಲಿ ಆ ಊರಿಗೆ ಎಷ್ಟೋ ಮಾತು ಕೊಟ್ಟಿದ್ದಾರೆ. ಬಂಡವಾಳ ಬರುತ್ತೆ, ಗಣಿ ಸಿಗುತ್ತೆ, ಪುನಶ್ಚೇತನ ಆಗುತ್ತೆ. ಮಾತು ಮುಂದಕ್ಕೆ ಹೋದಾಗಲೆಲ್ಲ ಕಾರ್ಮಿಕರೇ ಸರಿಯಾಗಿ ದುಡೀಲಿಲ್ಲ ಅಂತ ಹೇಳಿಬಿಡೋದು ಸುಲಭ. ಹಳೇ ತಾರೀಖು ಯಾವುದಿತ್ತು, ಅದನ್ನ ಯಾರು ಸರಿಸಿದ್ರು, ಯಾಕೆ ಸರಿಸಿದ್ರು ಅಂತ ಒಂದೇ ಕಡೆ ಸಾಲಾಗಿ ಬರೆದಿಟ್ಟಿದ್ರೆ ಆ ಮಾತನ್ನ ಅಷ್ಟು ಸಲೀಸಾಗಿ ಹೇಳೋಕೆ ಆಗ್ತಿರಲಿಲ್ಲ.

ನೀವು ಕೆಲಸ ಮಾಡೋ ಕಡೆ ಶೆಡ್ಯೂಲ್ ಇರುತ್ತೆ. ಹಲಗೆ ಇರಬಹುದು, ಎಕ್ಸೆಲ್ ಇರಬಹುದು, ವಾಟ್ಸಾಪ್ ಗ್ರೂಪೇ ಇರಬಹುದು. ನಾಳೆ ಒಂದು ತಾರೀಖು ಬದಲಾದಾಗ ಹಳೇದನ್ನ ಅಳಿಸಬೇಡಿ. ಪಕ್ಕದಲ್ಲಿ ಹೊಸದು ಬರೀರಿ, ಯಾಕೆ ಅಂತ ಎರಡು ಪದ ಹಾಕಿ. ತಿಂಗಳ ಕೊನೇಲಿ ಯಾರದೋ ಸಂಬಳ ಅದರ ಮೇಲೆ ನಿಂತಿರಬಹುದು.

ನಿಮ್ಮ ಮನೇಲಿ ಯಾರಾದ್ರೂ ಭದ್ರಾವತಿ ಕಾರ್ಖಾನೇಲೋ, ಇಲ್ಲಿನ ಫೌಂಡ್ರಿಗಳಲ್ಲೋ ಶಿಫ್ಟ್ ಹಾಕೋ ಕೆಲಸ ಮಾಡಿದ್ರೆ ಅವರ ಹತ್ರ ಕೂತು ಕೇಳಿ, ಆಗ ಯಾವುದರಲ್ಲಿ ಬರೀತಿದ್ರು, ತಡ ಆದ್ರೆ ಯಾರನ್ನ ಕೇಳ್ತಿದ್ರು ಅಂತ. ವಾಯ್ಸ್ ನೋಟ್ ಮಾಡಿ ನನಗೂ ಕಳಿಸಿ. ಮಳೆ ಜೋರಾಯ್ತು, ಇಲ್ಲಿಗೆ ನಿಲ್ಲಿಸ್ತೀನಿ. ಮತ್ತೆ ಸಿಗೋಣ.